ಬೋನು, ಬಂಡೆ, ಬಯಲು: ಕಾಡುಪ್ರಾಣಿಗಳ ಪ್ರದರ್ಶನ ಮತ್ತು ಅದರ ನೀತಿ

ಕಾಡುಪ್ರಾಣಿಯ ಪ್ರದರ್ಶನದಲ್ಲಿ ಎರಡು ಕೆಲಸಗಳು ಸೇರಿಕೊಂಡಿವೆ. ಪ್ರಾಣಿಯನ್ನು ಹಿಡಿದಿಡುವುದು ಒಂದು, ಅದನ್ನು ಜನರಿಗೆ ತೋರಿಸುವುದು ಇನ್ನೊಂದು. ಚರ್ಚೆ ಎದ್ದಾಗಲೆಲ್ಲ ಇವೆರಡೂ ಕಲಸಿಹೋಗುತ್ತವೆ. ಹಿಡಿದಿಡುವುದಕ್ಕೆ ಕೊಟ್ಟ ಕಾರಣವೇ ತೋರಿಸುವುದಕ್ಕೂ ಸಾಕು ಎಂಬಂತೆ ಮಾತು ಸಾಗುತ್ತದೆ. ಕಾಲು ಮುರಿದ ಚಿರತೆಯನ್ನು ಸಾಕುವುದು ದಯೆಯ ಕೆಲಸ. ಅದೇ ಚಿರತೆಯನ್ನು ಬೆಳಗಿನಿಂದ ಸಂಜೆಯವರೆಗೆ ಜನರ ಗದ್ದಲದ ಎದುರು ಇರಿಸುವುದಕ್ಕೆ ಬೇರೆ ಸಮರ್ಥನೆ ಬೇಕು. ಎರಡನ್ನೂ ಬಿಡಿಸಿ ನೋಡಿದಾಗ ಮಾತ್ರ ಈ ಪ್ರಶ್ನೆಯ ಗಂಟು ಎಲ್ಲಿದೆ ಎಂಬುದು ಕಾಣುತ್ತದೆ.

ಬಿಡಿಸಿ ನೋಡಲು ದೂರ ಹೋಗಬೇಕಾಗಿಲ್ಲ. ಭಾಗ್ಯನಗರ, ಕೊಪ್ಪಳ, ಗಂಗಾವತಿ ಸೀಮೆಯ ಜನ ಕರಡಿ ಎಂಬ ಒಂದೇ ಪ್ರಾಣಿಯನ್ನು ಮೂರು ಬಗೆಯಲ್ಲಿ ನೋಡಿದ್ದಾರೆ. ಹಿಂದಿನ ತಲೆಮಾರು ಅದನ್ನು ಬೀದಿಯಲ್ಲಿ, ಮೂಗಿಗೆ ಹಗ್ಗ ಹಾಕಿಸಿಕೊಂಡು ಕುಣಿಯುವಾಗ ಕಂಡಿತು. ಈಗಿನವರು ದರೋಜಿಯ ಬಂಡೆಯ ಮೇಲೆ ಬೆಲ್ಲ ನೆಕ್ಕುವಾಗ ಕಾಣುತ್ತಾರೆ. ಶಾಲೆಯ ಪ್ರವಾಸದಲ್ಲಿ ಮೈಸೂರಿಗೆ ಹೋದ ಮಕ್ಕಳು ಮೃಗಾಲಯದ ಕಂದಕದಾಚೆ ಕಾಣುತ್ತಾರೆ. ನಾಲ್ಕನೆಯ ಬಗೆಯೊಂದಿದೆ: ಹೊಲದ ಬದುವಿನ ಮೇಲೆ ಮುಂಜಾನೆ ಎದುರಾಗುವ ಕರಡಿ. ಅದನ್ನು ಯಾರೂ ತೋರಿಸುವುದಿಲ್ಲ, ಯಾರೂ ನೋಡಲು ಬಯಸುವುದೂ ಇಲ್ಲ.

ಈ ಕರಡಿ ಕಲ್ಲುಗುಡ್ಡಗಳ ಪ್ರಾಣಿ. ಒಂದರ ಮೇಲೊಂದು ಪೇರಿಸಿದಂತಿರುವ ಇಲ್ಲಿನ ಬಂಡೆಗಳ ನಡುವಿನ ಗವಿಗಳಲ್ಲಿ ಹಗಲು ಕಳೆದು, ಹೊತ್ತು ಇಳಿದ ಮೇಲೆ ಹೊರಗೆ ಬರುತ್ತದೆ. ಅದರ ಮುಖ್ಯ ಆಹಾರ ಗೆದ್ದಲು, ಇರುವೆ, ಕಾಡುಹಣ್ಣು, ಜೇನು. ಮೇಲಿನ ಸಾಲಿನ ನಡುವಣ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ. ಆ ಸಂದಿಯಿಂದ, ಉದ್ದ ತುಟಿಗಳನ್ನು ಕೊಳವೆಯಂತೆ ಚಾಚಿ, ಹುತ್ತದೊಳಗಿನ ಮಣ್ಣನ್ನು ಮೊದಲು ಊದಿ ಆಮೇಲೆ ಗೆದ್ದಲನ್ನು ಹೀರುತ್ತದೆ. ಮಣ್ಣು ಒಳಗೆ ಹೋಗದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲದು. ಹೀರುವ ಸದ್ದು ದೂರಕ್ಕೂ ಕೇಳಿಸುತ್ತದೆ. ತಾಯಿ ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಅದರ ಬದುಕೆಲ್ಲ ನಿಂತಿರುವುದು ಮೂಗಿನ ಮೇಲೆ. ಹುತ್ತ ಎಲ್ಲಿದೆ, ಹಣ್ಣು ಎಲ್ಲಿ ಮಾಗಿದೆ, ಇನ್ನೊಂದು ಕರಡಿ ಯಾವಾಗ ಹಾದುಹೋಯಿತು, ಎಲ್ಲವನ್ನೂ ಅದು ವಾಸನೆಯಿಂದ ಅರಿಯುತ್ತದೆ.

ಕರಡಿ ಆಡಿಸುವ ವೃತ್ತಿ ತೂತು ಹಾಕಿದ್ದು ಆ ಮೂಗಿಗೇ. ಖಲಂದರ್ ಸಮುದಾಯದವರು ತಲೆಮಾರುಗಳಿಂದ ಈ ವೃತ್ತಿಯನ್ನು ನಡೆಸಿಕೊಂಡು ಬಂದಿದ್ದರು. ಮರಿಗಾಗಿ ಎಷ್ಟೋ ಬಾರಿ ತಾಯಿಯನ್ನೇ ಕೊಲ್ಲಲಾಗುತ್ತಿತ್ತು. ಮರಿಯ ಮೂತಿಯನ್ನು ಕಾದ ಕಬ್ಬಿಣದ ಸಲಾಕೆಯಿಂದ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲುಗಳನ್ನು ಮುರಿಯುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಹಗ್ಗ ಜಗ್ಗಿದಾಗ ಆಗುವ ನೋವಿಗೆ ಕರಡಿ ಹಿಂಗಾಲ ಮೇಲೆ ಎದ್ದು ನಿಂತು ಒದ್ದಾಡುತ್ತಿತ್ತು. ನೋಡುವವರ ಕಣ್ಣಿಗೆ ಅದು ಕುಣಿತವಾಗಿ ಕಂಡಿತು. ಎಳೆಯ ಮಕ್ಕಳನ್ನು ಕರಡಿಯ ಮೇಲೆ ಕೂಡ್ರಿಸಿದರೆ ಅಂಜಿಕೆ ಬಿಡುತ್ತದೆ ಎಂದು ತಾಯಂದಿರು ಕೂಡ್ರಿಸುತ್ತಿದ್ದರು. ಕರಡಿಯ ಕೂದಲನ್ನು ತಾಯತದಲ್ಲಿಟ್ಟು ಮಗುವಿನ ಕೊರಳಿಗೆ ಕಟ್ಟುತ್ತಿದ್ದರು. ಅವರಲ್ಲಿ ಯಾರಿಗೂ ಕ್ರೌರ್ಯದ ಉದ್ದೇಶ ಇರಲಿಲ್ಲ. ನೋವು ನಡೆದದ್ದು ಅವರ ಕಣ್ಣಿಗೆ ಬೀಳದ ಕಡೆ, ಅವರ ಓಣಿಗೆ ಬಂದದ್ದು ಪಳಗಿದ ಕರಡಿ. ಪ್ರದರ್ಶನದ ನೀತಿಯಲ್ಲಿ ಮೊದಲು ಗಮನಿಸಬೇಕಾದ ಸಂಗತಿ ಇದು. ಪ್ರಾಣಿ ತೆತ್ತ ಬೆಲೆ ಪ್ರದರ್ಶನ ನಡೆಯುವ ಜಾಗದಲ್ಲಿ ಕಾಣುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕರಡಿಯನ್ನು ಹಿಡಿಯುವುದನ್ನು ಅಪರಾಧವಾಗಿಸಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ತರಬೇತುಗೊಳಿಸಿ ಪ್ರದರ್ಶಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ ಮಾಲೀಕರು ಅದನ್ನು ಪ್ರಶ್ನಿಸಿದರು. ಕೇರಳ ಹೈಕೋರ್ಟ್ 2000ದಲ್ಲಿ, ಸುಪ್ರೀಂ ಕೋರ್ಟ್ 2001ರಲ್ಲಿ ನಿಷೇಧವನ್ನು ಎತ್ತಿಹಿಡಿದವು. ಆದರೂ ಬೀದಿಯ ಕರಡಿಗಳು ಕಾನೂನಿನಿಂದಷ್ಟೇ ಮರೆಯಾಗಲಿಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ, ಅರಣ್ಯ ಇಲಾಖೆಗಳ ಜೊತೆಗೂಡಿ, ಕರಡಿಯನ್ನು ಒಪ್ಪಿಸಿದ ಕುಟುಂಬಗಳಿಗೆ ಬೇರೆ ದುಡಿಮೆಗೆ ಬಂಡವಾಳ ಒದಗಿಸಿತು, ಅವರ ಮಕ್ಕಳ ಓದಿಗೆ ನೆರವಾಯಿತು. ದೇಶದಲ್ಲಿ ಹೀಗೆ ಬಿಡುಗಡೆಯಾದ ಕರಡಿಗಳ ಸಂಖ್ಯೆ 600ನ್ನು ದಾಟಿತು. ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಗುರುತಿಸಲಾದ ರಾಜು ಎಂಬ ಕರಡಿ 2009ರಲ್ಲಿ ಬೆಂಗಳೂರಿನ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿತು. ಪ್ರಾಣಿಯ ಬಿಡುಗಡೆಯ ಜೊತೆಗೆ ಅದನ್ನು ನಂಬಿ ಬದುಕಿದ ಮನುಷ್ಯನ ಹೊಟ್ಟೆಯ ಲೆಕ್ಕವನ್ನೂ ಹಾಕಿದ್ದರಿಂದಲೇ ಈ ಕೆಲಸ ಕೈಗೂಡಿತು. ದಯೆಯನ್ನು ಬಡವನ ಖರ್ಚಿನಲ್ಲಿ ಮಾಡುವುದು ಸುಲಭ, ಹಾಗೆ ಮಾಡದಿರುವುದೇ ನ್ಯಾಯ. ಹಲ್ಲಿಲ್ಲದ, ಮೂತಿ ಹರಿದ ಆ ಕರಡಿಗಳು ಕಾಡಿಗೆ ಮರಳುವಂತಿರಲಿಲ್ಲ. ಅವು ಉಳಿದ ಬದುಕನ್ನೆಲ್ಲ ಸೆರೆಯಲ್ಲೇ ಕಳೆಯಬೇಕಾಯಿತು. ಸೆರೆಯಲ್ಲಿಡುವುದು ಕೆಲವೊಮ್ಮೆ ಸರಿಯಾದ ಕೆಲಸವೂ ಆಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ದರೋಜಿಯ ಕಥೆ ಬೇರೆ. ಹಂಪಿಗೆ ಹತ್ತಿರದ ಆ ಗುಡ್ಡಗಾಡನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಲಾಯಿತು. ನಂತರದ ವಿಸ್ತರಣೆಯಿಂದ ಅದರ ಹರವು 82 ಚದರ ಕಿಲೋಮೀಟರನ್ನು ದಾಟಿದೆ. ಅಲ್ಲಿ ಕರಡಿಗೆ ಬೋನಿಲ್ಲ, ಹಗ್ಗವಿಲ್ಲ. ಮಧ್ಯಾಹ್ನ ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲ ಮತ್ತು ಹಿಟ್ಟಿನ ಪಾಕ ಬಳಿದು ಬರುತ್ತಾರೆ. ಎದುರಿನ ವೀಕ್ಷಣಾ ಗೋಪುರದಲ್ಲಿ ಜನ ಕಾಯುತ್ತಾರೆ. ಬಿಸಿಲು ಇಳಿಯುವ ಹೊತ್ತಿಗೆ ಬಂಡೆಗಳ ಸಂದಿನಿಂದ ಕರಡಿಗಳು ಇಳಿದು ಬರುತ್ತವೆ, ಕೆಲವು ಬೆನ್ನ ಮೇಲೆ ಮರಿ ಹೊತ್ತು. ಬಾರದೆ ಇರುವ ಸ್ವಾತಂತ್ರ್ಯ ಅವಕ್ಕಿದೆ. ಪ್ರದರ್ಶನದ ಎಲ್ಲ ಬಗೆಗಳಲ್ಲಿ ಪ್ರಾಣಿಗೆ ಅತ್ಯಂತ ಕಡಿಮೆ ಹಾನಿಯ ಬಗೆ ಇದೇ ಎನ್ನಬಹುದು.

ಹಾಗೆಂದು ಇಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ. ಕತ್ತಲ ಪ್ರಾಣಿ ಬೆಳಕಿರುವಾಗಲೇ ಹೊರಬರುವುದು, ಒಂಟಿಯಾಗಿ ಮೇಯುವ ಪ್ರಾಣಿಗಳು ಒಂದೇ ಬಂಡೆಗೆ ಬಂದು ಎದುರಾಗುವುದು, ಗೆದ್ದಲು ಹುಡುಕಿ ಅಲೆಯುವ ನಾಲಗೆಗೆ ಕುಳಿತಲ್ಲೇ ಸಿಹಿ ಸಿಗುವುದು, ಇವೆಲ್ಲ ನೋಡುವವರ ಸಮಯಕ್ಕೆ ಹೊಂದಿಕೊಂಡ ಬದಲಾವಣೆಗಳು. ಬೇಲಿ ಇಲ್ಲದಿದ್ದರೂ ಬೆಲ್ಲ ಇದೆ. ಬಂಡೆಗೆ ಬಳಿಯುವ ಪ್ರಮಾಣ ಕಡಿಮೆಯಾಗಬೇಕು, ಕಾಡಿನಲ್ಲಿ ಬಾರಿ, ಕವಳಿ ಹಣ್ಣುಗಳು ಸಿಗುವ ಕಾಲಕ್ಕೆ ನಿಲ್ಲಬೇಕು, ಕರಡಿ ಕಾಣದ ದಿನವೂ ಜನ ಬೇಸರವಿಲ್ಲದೆ ಹಿಂದಿರುಗುವುದನ್ನು ರೂಢಿ ಮಾಡಿಕೊಳ್ಳಬೇಕು ಎಂಬ ಅಪೇಕ್ಷೆ ಅತಿಯಾದುದಲ್ಲ.

ಇನ್ನು ಮೃಗಾಲಯ. ಅರಸರು ಪ್ರಾಣಿಗಳನ್ನು ಕೂಡಿಡುತ್ತಿದ್ದುದು ಹಳೆಯ ಸಂಗತಿ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಆನೆ, ಕುದುರೆ, ಒಂಟೆ, ಬೇಟೆಯ ದೃಶ್ಯಗಳಿವೆ. ಅಲ್ಲಿ ಪ್ರಾಣಿ ಅರಸನ ಬಲದ ಗುರುತು. ವಿಯೆನ್ನಾದ ಷೋನ್‌ಬ್ರುನ್ ಅರಮನೆಯಲ್ಲಿ 1752ರಲ್ಲಿ ಆರಂಭವಾದ ಸಂಗ್ರಹ ಇಂದಿಗೂ ನಡೆಯುತ್ತಿರುವ ಅತಿ ಹಳೆಯ ಮೃಗಾಲಯ. ವಿಜ್ಞಾನದ ಹೆಸರು ಹೇಳಿ ಲಂಡನ್ನಿನದು 1828ರಲ್ಲಿ ಬಾಗಿಲು ತೆರೆಯಿತು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ಮೃಗಾಲಯ ಸ್ಥಾಪಿಸಿದರು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಯಾಯಿತು. ಈ ಭಾಗದ ಶಾಲೆಗಳಿಗೆ ಹತ್ತಿರವಿರುವವು ಗದಗಿನ ಬಿಂಕದಕಟ್ಟಿ ಮೃಗಾಲಯ ಮತ್ತು ಕಮಲಾಪುರದ ಬಳಿಯ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯ. ಎರಡನೆಯದು 2017ರಲ್ಲಿ ತೆರೆಯಿತು, ಬಳ್ಳಾರಿಯ ಹಳೆಯ ಕಿರು ಮೃಗಾಲಯದ ಪ್ರಾಣಿಗಳು ಅಲ್ಲಿಗೆ ಬಂದವು. ಇಕ್ಕಟ್ಟಿನ ಬೋನಿನಿಂದ ಬಿಳಿಕಲ್ಲು ಕಾಡಿನ ವಿಶಾಲ ಆವರಣಕ್ಕೆ ಬಂದದ್ದು ಆ ಪ್ರಾಣಿಗಳ ಮಟ್ಟಿಗೆ ನಿಜವಾದ ಸುಧಾರಣೆ.

ಕಂಬಿಯ ಬದಲು ಕಂದಕ ತೋಡುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್. ಹ್ಯಾಂಬರ್ಗ್ ಬಳಿ 1907ರಲ್ಲಿ ಅವನು ತೆರೆದ ಉದ್ಯಾನ ಜಗತ್ತಿಗೇ ಮಾದರಿಯಾಯಿತು. ಅದೇ ಮನುಷ್ಯ ಉತ್ತರ ಯುರೋಪಿನ ಸಾಮಿ ಜನರನ್ನೂ ಸಿಂಹಳೀಯರನ್ನೂ ಕರೆತಂದು ಪ್ರಾಣಿಗಳ ಜೊತೆಗೆ ಪ್ರದರ್ಶನಕ್ಕಿಟ್ಟಿದ್ದ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ 1906ರಲ್ಲಿ ಓಟಾ ಬೆಂಗಾ ಎಂಬ ಕಾಂಗೋ ದೇಶದ ಯುವಕನನ್ನು ಕೋತಿಗಳ ಮನೆಯಲ್ಲಿ ಇಡಲಾಗಿತ್ತು. ಆ ದಿನಗಳಲ್ಲಿ ಜನ ಅದನ್ನೂ ನೋಡಿದರು, ಜ್ಞಾನವೆಂದೇ ತಿಳಿದರು. ಮನುಷ್ಯ ಮತ್ತು ಪ್ರಾಣಿ ಒಂದೇ ಎಂದು ಹೇಳಲು ಈ ಮಾತು ಇಲ್ಲಿ ಬಂದಿಲ್ಲ. ನೋಡುವ ಕುತೂಹಲ ತನ್ನ ಎದುರಿಗಿರುವ ಜೀವದ ಸಂಕಟವನ್ನು ಎಷ್ಟು ಸುಲಭವಾಗಿ ಮರೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಕಂದಕವೂ ಮುಖ್ಯವಾಗಿ ನೋಡುವವರ ಕಣ್ಣಿನ ಸಮಾಧಾನಕ್ಕೆ ಹುಟ್ಟಿದ್ದು. ಕಂಬಿ ಮರೆಯಾದರೆ ನೋಡುವವರಿಗೆ ಸೆರೆ ಕಾಣುವುದಿಲ್ಲ. ಪ್ರಾಣಿಗೆ ಅಂಚು ಎಲ್ಲಿದೆ ಎಂಬುದು ಗೊತ್ತೇ ಇರುತ್ತದೆ.

ಸೆರೆಯಲ್ಲಿ ಪ್ರಾಣಿಗೆ ಏನಾಗುತ್ತದೆ? ಹೊಟ್ಟೆಗೆ ಸಿಗುತ್ತದೆ, ರೋಗಕ್ಕೆ ವೈದ್ಯರಿದ್ದಾರೆ, ಬೇಟೆಗಾರನ ಭಯವಿಲ್ಲ. ಹಲವು ಜಾತಿಗಳು ಕಾಡಿಗಿಂತ ಹೆಚ್ಚು ವರ್ಷ ಬದುಕುತ್ತವೆ. ಇದನ್ನು ಅಲ್ಲಗಳೆಯಲಾಗದು. ಆದರೆ ಎಷ್ಟೋ ಪ್ರಾಣಿಗಳು ಬೇಲಿಯ ಉದ್ದಕ್ಕೂ ಅದೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅತ್ತಿಂದಿತ್ತ ತಿರುಗುತ್ತವೆ, ನಿಂತಲ್ಲೇ ಗಂಟೆಗಟ್ಟಲೆ ತಲೆ ತೂಗುತ್ತವೆ. ಜನ ಅದನ್ನು ಕಂಡು ಆಟವಾಡುತ್ತಿದೆ ಎನ್ನುತ್ತಾರೆ. ಅದು ಆಟವಲ್ಲ, ಮಾಡಲು ಬೇರೇನೂ ಉಳಿಯದ ದೇಹದ ವ್ಯಾಧಿ. ಆಕ್ಸ್‌ಫರ್ಡಿನ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸ್ಪಷ್ಟ ಸಂಬಂಧವನ್ನು ತೋರಿಸಿತು. ಕಾಡಿನಲ್ಲಿ ಹೆಚ್ಚು ದೂರ ಅಲೆಯುವ ಮಾಂಸಾಹಾರಿಗಳು ಸೆರೆಯಲ್ಲಿ ಹೆಚ್ಚು ನರಳುತ್ತವೆ, ಅವುಗಳ ಮರಿಗಳು ಹೆಚ್ಚು ಸಾಯುತ್ತವೆ. ಹಿಮಕರಡಿಗೆ ಮೃಗಾಲಯ ಕೊಡುವ ಜಾಗ ಕಾಡಿನಲ್ಲಿ ಅದು ಬಳಸುವ ಕನಿಷ್ಠ ಕ್ಷೇತ್ರದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಹೀಗಾಗಿ ಎಲ್ಲ ಪ್ರಾಣಿಗಳಿಗೂ ಒಂದೇ ತೀರ್ಪು ಸಲ್ಲುವುದಿಲ್ಲ. ಆಮೆ ತಾಳಿಕೊಂಡದ್ದನ್ನು ತೋಳ ತಾಳಿಕೊಳ್ಳುವುದಿಲ್ಲ.

ಜಾಗದಷ್ಟೇ ಮುಖ್ಯವಾದದ್ದು ಜೊತೆ. ಮೈಸೂರು ಮೃಗಾಲಯದ ಪೋಲೋ ಎಂಬ ಗೊರಿಲ್ಲ ಬಹುಕಾಲ ದೇಶದಲ್ಲಿದ್ದ ಒಂದೇ ಗೊರಿಲ್ಲವಾಗಿತ್ತು. ಪಾಲಕರು ಅದನ್ನು ಪ್ರೀತಿಯಿಂದ ನೋಡಿಕೊಂಡರು, ಊರಿನ ಮಕ್ಕಳಿಗೆ ಅದು ಅಚ್ಚುಮೆಚ್ಚಾಗಿತ್ತು. ಗೊರಿಲ್ಲ ಕುಟುಂಬದಲ್ಲಿ ಬದುಕುವ ಪ್ರಾಣಿ. ಪೋಲೋ ವರ್ಷಾನುಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ಸತ್ತಿತು. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಗಳನ್ನು ತರುವಾಗ ಎರಡನ್ನು ಒಟ್ಟಿಗೇ ತಂದದ್ದು ಒಳ್ಳೆಯದಾಯಿತು. ಒಟ್ಟಿಗೆ ಕೂಡಿಡುವುದರಲ್ಲಿಯೂ ಅಪಾಯವಿದೆ. ಬನ್ನೇರುಘಟ್ಟದಲ್ಲಿ 2023ರಲ್ಲಿ ವೈರಸ್ ರೋಗಕ್ಕೆ ಏಳು ಚಿರತೆ ಮರಿಗಳು ಸತ್ತವು. ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರ್‌ನ ಕೆಲವೇ ದಿನಗಳಲ್ಲಿ ಮೂವತ್ತರಷ್ಟು ಕೃಷ್ಣಮೃಗಗಳು ಗಳಲೆ ರೋಗಕ್ಕೆ ಬಲಿಯಾದವು. ಕುಷ್ಟಗಿ, ಯಲಬುರ್ಗಾದ ಎರೆಹೊಲಗಳಲ್ಲಿ ಓಡಾಡುವ ಕೃಷ್ಣಮೃಗ ರೈತನ ಬೈಗುಳ ತಿನ್ನುತ್ತದೆ, ನಿಜ. ಆದರೆ ಒಂದು ಪ್ರಾಣಿಗೆ ರೋಗ ಬಂದರೆ ಉಳಿದವು ದೂರ ಓಡಿಹೋಗಲು ಅಲ್ಲಿ ಜಾಗವಿದೆ.

ಮೃಗಾಲಯದ ಪರವಾಗಿ ಮೂರು ಸಮರ್ಥನೆಗಳು ಕೇಳಿಬರುತ್ತವೆ: ಶಿಕ್ಷಣ, ವಂಶರಕ್ಷಣೆ, ಆಶ್ರಯ. ಶಿಕ್ಷಣದ ವಾದ ಅತಿ ಹಳೆಯದು, ಅತಿ ಸಡಿಲವಾದದ್ದೂ ಹೌದು. ಹುಲಿಯ ಗಾತ್ರ, ಅದರ ವಾಸನೆ, ಘರ್ಜನೆ ಎದೆಗೆ ತಾಗುವ ಬಗೆ ಪರದೆಯ ಮೇಲೆ ಸಿಗುವುದಿಲ್ಲ ಎಂಬುದು ಸತ್ಯ. ಹಳ್ಳಿಯ ಮಗುವೊಂದು ಅಲ್ಲಿಂದ ಬೆರಗು ಹೊತ್ತು ಬರುವುದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಗುಂಪಿನಲ್ಲಿ ನೂಕಿಸಿಕೊಂಡು, ಮಲಗಿರುವ ಚಿರತೆಯನ್ನು ಕೂಗಿ ಎಬ್ಬಿಸಲು ನೋಡುವ ಮಗು ಏನನ್ನು ಕಲಿತಂತಾಯಿತು? ಪ್ರಾಣಿಯನ್ನು ಕೆಣಕುವುದು, ಗದ್ದಲ ಮಾಡುವುದು, ತಿನ್ನಲು ಎಸೆಯುವುದು ವನ್ಯಜೀವಿ ಕಾಯ್ದೆಯ 38ಜೆ ಕಲಮಿನ ಪ್ರಕಾರ ಅಪರಾಧ. ಆ ಪಾಠ ಪ್ರವಾಸದ ಬಸ್ಸು ಹತ್ತುವ ಮೊದಲೇ ತರಗತಿಯಲ್ಲಿ ಆಗಬೇಕು.

ವಂಶರಕ್ಷಣೆಯ ವಾದಕ್ಕೆ ಬಲವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಕುಲ ಅಳಿವಿನ ಅಂಚಿಗೆ ಬಂದಾಗ, 1987ರ ಹೊತ್ತಿಗೆ ಉಳಿದಿದ್ದ ಎಲ್ಲ 27 ಹಕ್ಕಿಗಳನ್ನೂ ಸೆರೆಗೆ ತಂದು ಸಂತಾನ ಬೆಳೆಸಿ ಮತ್ತೆ ಆಕಾಶಕ್ಕೆ ಬಿಡಲಾಯಿತು. ನಮ್ಮದೇ ನೆಲದ ಉದಾಹರಣೆ ಹೆಬ್ಬಕ. ರೈತರು ಎರೆಭೂತ ಎನ್ನುವ ಈ ದೊಡ್ಡ ಹಕ್ಕಿ ಎರೆನೆಲದ ಬಯಲಿನದು. ನೆರೆಯ ಸಿರುಗುಪ್ಪ ತಾಲ್ಲೂಕಿನ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡುಬಂದಿವೆ, ಇಡೀ ದೇಶದಲ್ಲಿ ಉಳಿದವು ಇನ್ನೂರಕ್ಕಿಂತ ಕಡಿಮೆ. ರಾಜಸ್ಥಾನದ ಜೈಸಲ್ಮೇರ್ ಬಳಿ 2019ರಿಂದ ಇವುಗಳ ಮೊಟ್ಟೆಗಳನ್ನು ಕಾವಿಗಿಟ್ಟು ಮರಿಗಳನ್ನು ಬೆಳೆಸಲಾಗುತ್ತಿದೆ. ಹರಿಯಾಣದ ಪಿಂಜೋರಿನಲ್ಲಿ 2001ರಿಂದ ರಣಹದ್ದುಗಳ ಪಾಲನೆ ನಡೆದಿದೆ. ಈ ಎರಡೂ ಕೇಂದ್ರಗಳು ಹಕ್ಕಿಗಳನ್ನು ಜನರ ಕಣ್ಣಿನಿಂದ ದೂರ ಇರಿಸುತ್ತವೆ. ಕಾಡಿಗೆ ಮರಳಬೇಕಾದ ಜೀವಕ್ಕೆ ಮನುಷ್ಯನ ರೂಢಿ ಆಗಬಾರದು ಎಂಬುದು ಕಾರಣ. ವಂಶರಕ್ಷಣೆ ಅತ್ಯಂತ ಗಂಭೀರವಾಗಿ ನಡೆಯುವ ಕಡೆಯೇ ಪ್ರದರ್ಶನಕ್ಕೆ ಅವಕಾಶವಿಲ್ಲ. ಆದ್ದರಿಂದ ಈ ವಾದ ಹಿಡಿದಿಡುವುದನ್ನು ಸಮರ್ಥಿಸುತ್ತದೆ, ತೋರಿಸುವುದನ್ನು ಸಮರ್ಥಿಸುವುದಿಲ್ಲ. ಕಾಡಿಗೆ ಬಿಡುವ ಯಾವ ಯೋಜನೆಯೂ ಇಲ್ಲದೆ ಸಿಂಹದ ಮರಿ ಹುಟ್ಟಿಸಿ, ಹೆಸರಿಟ್ಟು, ಪತ್ರಿಕೆಗೆ ಚಿತ್ರ ಕೊಡುವುದನ್ನು ವಂಶರಕ್ಷಣೆ ಎಂದು ಕರೆಯುವುದು ತಪ್ಪು.

ಮಾಂಸಾಹಾರಿಗಳ ಪ್ರದರ್ಶನದಲ್ಲಿ ಇನ್ನೊಂದು ಲೆಕ್ಕವೂ ಸೇರಿದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಅವುಗಳ ವಿಷಯ ಬೇರೆ. ಅದೇ ಅರಸನ ಐದನೆಯ ಸ್ತಂಭಶಾಸನ ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸುತ್ತದೆ, ಒಂದು ಜೀವವನ್ನು ಇನ್ನೊಂದು ಜೀವದಿಂದ ಪೋಷಿಸಬಾರದು ಎಂದೂ ವಿಧಿಸುತ್ತದೆ. ಕಾಡಿನ ಹುಲಿಗೆ ಆ ಮಾತು ಸಲ್ಲುವುದಿಲ್ಲ. ಮನುಷ್ಯ ತನ್ನ ಸಂತೋಷಕ್ಕೆ ಹುಟ್ಟಿಸಿ ಸಾಕಿದ ಹುಲಿಯ ಪಾಲಿಗೆ ನಿತ್ಯ ಕಡಿಯುವ ಕೋಳಿ, ದನಗಳ ಹೊಣೆ ಮನುಷ್ಯನದೇ.

ಸಮರ್ಥನೆಗಳಲ್ಲಿ ಮೂರನೆಯದು ಆಶ್ರಯ. ಕೊಪ್ಪಳ ಜಿಲ್ಲೆಗೆ ಇದು ದೂರದ ಮಾತಲ್ಲ. 2020ರ ಕೊನೆಯಲ್ಲಿ ಆನೆಗೊಂದಿ ಬೆಟ್ಟಗಳಲ್ಲಿ ಚಿರತೆಯ ದಾಳಿಗೆ ಯುವಕನೊಬ್ಬ ಬಲಿಯಾದ ಮೇಲೆ ಅರಣ್ಯ ಇಲಾಖೆ ಬೋನುಗಳನ್ನಿಟ್ಟಿತು. ಬೋನಿಗೆ ಬಿದ್ದ ಚಿರತೆಯನ್ನು ಏನು ಮಾಡಬೇಕು ಎಂಬುದು ಕಠಿಣ ಪ್ರಶ್ನೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಿಡಿದ ಚಿರತೆಗಳನ್ನು ಬೇರೆ ಕಾಡಿಗೆ ಬಿಟ್ಟ ನಂತರ ಮನುಷ್ಯರ ಮೇಲಿನ ದಾಳಿ ಹೆಚ್ಚಿತು ಎಂಬುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ತೋರಿಸಿದ್ದಾರೆ. ಗುರುತಿಲ್ಲದ ನೆಲದಲ್ಲಿ ಬಿಟ್ಟ ಪ್ರಾಣಿ ತನ್ನ ಗಡಿ ಹುಡುಕುತ್ತ ಅಲೆಯುತ್ತದೆ. ಇತ್ತ ಮೃಗಾಲಯದಲ್ಲಿ ಇಟ್ಟರೆ ಅದು ಜೀವಾವಧಿ ಶಿಕ್ಷೆ. ವನ್ಯಜೀವಿ ಕಾಯ್ದೆಯ 11ನೆಯ ಕಲಮು ಇಲ್ಲಿ ಒಂದು ಗೆರೆ ಎಳೆದಿದೆ. ಹಿಡಿದ ಪ್ರಾಣಿಯನ್ನು ಕಾಡಿನಲ್ಲಿ ಮತ್ತೆ ನೆಲೆಗೊಳಿಸಲಾಗದು ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ, ಅದರ ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಿದ ಹೊರತು ಸೆರೆಯಲ್ಲಿಡುವಂತಿಲ್ಲ. ಕಾರಣ ಹೇಳಬೇಕಾದ ಭಾರ ಸೆರೆಯಲ್ಲಿಡುವವರ ಮೇಲಿದೆ. ಆ ಕಾರಣ ಕಡತದಲ್ಲಿ ಮಾತ್ರ ಉಳಿಯಬೇಕಾಗಿಲ್ಲ. ಆವರಣದ ಮುಂದಿನ ಫಲಕದಲ್ಲಿ ಪ್ರಾಣಿಯ ಹೆಸರು, ಆಹಾರ, ಆಯಸ್ಸು ಬರೆಯುವಂತೆ, ಈ ಚಿರತೆ ಯಾವ ಊರಿನಲ್ಲಿ ಸಿಕ್ಕಿತು, ಏಕೆ ಮರಳಲಾರದು ಎಂಬುದನ್ನೂ ಕನ್ನಡದಲ್ಲಿ ಬರೆದರೆ ನೋಡುವ ಮಗುವಿಗೆ ಅದೇ ನಿಜವಾದ ಪಾಠ.

ಹಣದ ಸಂಗತಿಯನ್ನು ಬಿಡುವಂತಿಲ್ಲ. ರಾಜ್ಯದ ದೊಡ್ಡ ಮೃಗಾಲಯಗಳು ಬಹುಮಟ್ಟಿಗೆ ಟಿಕೆಟಿನ ಆದಾಯದಿಂದ ನಡೆಯುತ್ತವೆ. ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿದಾಗ ಪ್ರಾಣಿಗಳ ಆಹಾರಕ್ಕಾಗಿ ಸಾರ್ವಜನಿಕರ ಮುಂದೆ ಕೈಚಾಚಬೇಕಾಯಿತು. 2021ರಲ್ಲಿ ನಟ ದರ್ಶನ್ ಕರೆ ಕೊಟ್ಟಾಗ ಸಾವಿರಾರು ಜನ ಪ್ರಾಣಿಗಳನ್ನು ದತ್ತು ಪಡೆದು ಹಣ ಕಟ್ಟಿದರು. ಆ ಔದಾರ್ಯ ದೊಡ್ಡದು. ನೋಡದೆಯೂ ಜನ ಕೊಡಬಲ್ಲರು ಎಂಬುದನ್ನು ಅದು ತೋರಿಸಿತು. ಬಾಗಿಲ ಹಣವನ್ನೇ ನೆಚ್ಚಿದ ಸಂಸ್ಥೆಗೆ ಜನಪ್ರಿಯ ಪ್ರಾಣಿಗಳು ಬೇಕೇ ಬೇಕಾಗುತ್ತವೆ. ಆಗ ಯಾವ ಪ್ರಾಣಿ ಇರಬೇಕೆಂಬುದನ್ನು ಆಶ್ರಯದ ಅಗತ್ಯದ ಬದಲು ಟಿಕೆಟ್ ಕಿಟಕಿ ನಿರ್ಧರಿಸುತ್ತದೆ. ಆಶ್ರಯ ಪಡೆದ ಪ್ರಾಣಿಗಳ ಪಾಲನೆಗೆ ಸರ್ಕಾರದ ನಿಶ್ಚಿತ ಅನುದಾನ ಇದ್ದರೆ ಮಾತ್ರ ಈ ಒತ್ತಡ ಕಡಿಮೆಯಾದೀತು.

ಬೋನು, ಬಂಡೆಗಳಾದ ಮೇಲೆ ಉಳಿದದ್ದು ಬಯಲು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಎಕರೆಯಷ್ಟು ಕುರುಚಲು ನೆಲ ಈಗ ತೋಳಧಾಮವಾಗಿದೆ. ತೋಳಗಳಿಗೆಂದೇ ಮೀಸಲಾದ ರಾಜ್ಯದ ಮೊದಲ ಧಾಮ ಇದು. 332 ಎಕರೆ ಎಂದರೆ ಒಂದೂವರೆ ಚದರ ಕಿಲೋಮೀಟರಿಗಿಂತ ಕಡಿಮೆ. ತೋಳದ ಒಂದು ಗುಂಪು ಅಲೆಯುವುದು ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನಲ್ಲಿ. ಧಾಮ ಅವುಗಳಿಗೆ ಮರಿ ಹಾಕುವ ಮನೆಯಾದೀತು, ಬೇಟೆಯ ನೆಲ ಉಳಿದ ಹೊಲ, ಗಾಯರಾಣ, ಹಳ್ಳದ ದಂಡೆಗಳೇ. ಅಲ್ಲಿ ಕುರಿಗಾಹಿಗಳು ಹಿಂಡು ಮೇಯಿಸುತ್ತಾರೆ, ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಕುರಿ ತರುಬುತ್ತಾರೆ, ರಾತ್ರಿ ನಾಯಿಗಳ ಜೊತೆ ದಡ್ಡಿ ಕಾಯುತ್ತಾರೆ. ತೋಳವನ್ನು ನಿಜವಾಗಿ ನೋಡಿದವರು ಅವರೇ, ಅದಕ್ಕೆ ಕುರಿಮರಿಗಳ ಬೆಲೆ ತೆತ್ತವರೂ ಅವರೇ. ದರೋಜಿಯಲ್ಲಿ ಬಂಡೆಗೆ ಬೆಲ್ಲ ಬಳಿದಂತೆ ಇಲ್ಲಿ ಮಾಂಸ ಇಟ್ಟು ತೋಳ ತೋರಿಸುವ ಯೋಚನೆ ಯಾರಿಗೂ ಬರಬಾರದು. ಮನುಷ್ಯನಿಂದ ಉಣ್ಣಲು ಕಲಿತ ತೋಳ ಬಹುಕಾಲ ಬದುಕುವುದಿಲ್ಲ. ಕುರಿ ಸತ್ತರೆ ಪಂಚನಾಮೆ ತಡವಿಲ್ಲದೆ ನಡೆದು, ಪರಿಹಾರದ ಹಣ ಆ ಹಿಂಡು ಮುಂದಿನ ಊರಿಗೆ ಹೊರಡುವ ಮೊದಲೇ ಕುರಿಗಾಹಿಯ ಕೈ ಸೇರಬೇಕು.